ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ

ಭೂಮಿ ಬಿಸಿಯಾಗ್ತಿರೋ ಬಗ್ಗೆ ನಾನು ಯಾವಾಗ ಚರ್ಚೆ ನಡೆಸಿದರೂ ಒಂದು ಫೋನ್ ಕರೆ ಗ್ಯಾರಂಟಿ. "ಸಾರ್, ನಮ್ಮ ಅಜ್ಜನ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಈಗೊಂದು ಇಪ್ಪತ್ತು ವರ್ಷದಿಂದ ಫಾರಿನ್ನೋರು ಹುಟ್ಟಿಹಾಕಿದ ಕಥೆ ಅಲ್ವಾ ಇದು?"

ಪ್ರಶ್ನೆ ಕೇಳೋದ್ರಲ್ಲಿ ತಪ್ಪೇನೂ ಇಲ್ಲ. ಪ್ರಶ್ನೆ ಕೇಳದೆ ನಂಬುವವರಿಗಿಂತ ಕೇಳಿ ನಂಬದಿರುವವರೇ ವಾಸಿ. ಆದರೆ ಉತ್ತರ ಕೇಳಿಸಿಕೊಳ್ಳುವ ತಾಳ್ಮೆಯೂ ಬೇಕು. ಈ ಕಥೆಯ ವಯಸ್ಸು ಇಪ್ಪತ್ತಲ್ಲ, ಇನ್ನೂರು ವರ್ಷ. ಜಗತ್ತಿನಲ್ಲಿ ಮೋಟಾರು ಕಾರು ಓಡುವ ಮೊದಲೇ, ಮನೆಗೆ ಕರೆಂಟು ಬರುವ ಮೊದಲೇ, ಗಾಂಧೀಜಿ ಹುಟ್ಟುವ ಮೊದಲೇ ಇದರ ಮುಖ್ಯ ಅಧ್ಯಾಯಗಳನ್ನು ಬರೆದು ಮುಗಿಸಲಾಗಿತ್ತು. ಹಾಗಾದ್ರೆ ನಮಗ್ಯಾಕೆ ಇಷ್ಟು ತಡವಾಗಿ ಗೊತ್ತಾಯ್ತು? ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಅದನ್ನೇ.

ಫ್ರಾನ್ಸಿನಲ್ಲಿ ಜೋಸೆಫ್ ಫೂರಿಯೆ ಅಂತ ಒಬ್ಬ ಗಣಿತಜ್ಞನಿದ್ದ. 1768ರಲ್ಲಿ ಹುಟ್ಟಿದವನು. ಅಪ್ಪ ದರ್ಜಿ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳ್ಕೊಂಡ. ಲೆಕ್ಕದಲ್ಲಿ ಮಾತ್ರ ಅಸಾಧ್ಯ ಬುದ್ಧಿವಂತ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ವಿದ್ವಾಂಸರ ತಂಡವನ್ನೂ ಕರ್ಕೊಂಡು ಹೋದನಲ್ಲ, ಆ ತಂಡದಲ್ಲಿ ಈ ಫೂರಿಯೆಯೂ ಇದ್ದ. ಬದುಕಿಡೀ ಅವನನ್ನು ಕಾಡಿದ ವಿಷಯ ಒಂದೇ: ಶಾಖ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಶಾಖ ಹೇಗೆ ಹರಿಯುತ್ತೆ ಅನ್ನೋದಕ್ಕೆ ಗಣಿತದ ಸೂತ್ರ ಕೊಟ್ಟವನೇ ಅವನು.

ಅವನ ತಲೆಯಲ್ಲಿ ಒಂದು ಸರಳ ಪ್ರಶ್ನೆ ಬಂತು. ಒಲೆಯ ಮೇಲೆ ಖಾಲಿ ಬಾಣಲೆ ಇಟ್ಟು ಬಿಟ್ರೆ ಏನಾಗುತ್ತೆ? ಕಾಯ್ತಾ ಕಾಯ್ತಾ ಕೆಂಪಗಾಗುತ್ತೆ. ಸೂರ್ಯ ಕೋಟ್ಯಂತರ ವರ್ಷದಿಂದ ಭೂಮಿಯನ್ನು ಕಾಯಿಸ್ತಾನೇ ಇದ್ದಾನೆ. ಹಾಗಿದ್ರೂ ಭೂಮಿ ಕೆಂಡವಾಗಿಲ್ಲ ಯಾಕೆ? ಉತ್ತರ: ಭೂಮಿ ತಾನು ಪಡೆದ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಆಕಾಶಕ್ಕೆ ವಾಪಸ್ ಬಿಡುತ್ತೆ. ಅವಕೆಂಪು ಕಿರಣ, ಇನ್‌ಫ್ರಾರೆಡ್ ಅಂತೀವಲ್ಲ, ಅದು. ಸರಿ, ಬಂದಷ್ಟೂ ವಾಪಸ್ ಹೋಗೋದಾದ್ರೆ ಭೂಮಿ ಈಗಿರೋದಕ್ಕಿಂತ ತುಂಬಾ ತಣ್ಣಗಿರಬೇಕಿತ್ತು. ಹಾಗೂ ಇಲ್ಲ. 1824ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಫೂರಿಯೆ ಒಂದು ಉತ್ತರ ಕೊಟ್ಟ. ಸೂರ್ಯನ ಬೆಳಕು ನಮ್ಮ ಗಾಳಿಯನ್ನು ದಾಟಿ ಸಲೀಸಾಗಿ ಒಳಗೆ ಬರುತ್ತೆ, ಆದರೆ ನೆಲದಿಂದ ಏಳುವ ಕಾಣದ ಶಾಖ ಅಷ್ಟು ಸಲೀಸಾಗಿ ಹೊರಗೆ ಹೋಗಲ್ಲ.

ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೂತು ನೋಡಿದವರಿಗೆ ಇದು ಅರ್ಥವಾಗುತ್ತೆ. ಅದಕ್ಕೇ ಮುಂದೆ ಇದಕ್ಕೆ ಗಿಡ ಬೆಳೆಸುವ ಗಾಜಿನ ಮನೆಯ ಹೆಸರು ಬಂತು, ಹಸಿರುಮನೆ ಪರಿಣಾಮ ಅಂತ. ಹೋಲಿಕೆ ಪೂರ್ತಿ ಸರಿಯಲ್ಲ. ಗಾಜಿನ ಮನೆ ಬಿಸಿ ಗಾಳಿಯನ್ನೇ ಹೊರಗೆ ಹೋಗದಂತೆ ತಡೆಯುತ್ತೆ, ಭೂಮಿಯ ಅನಿಲಗಳು ಕಿರಣಗಳನ್ನು ತಡೀತಾವೆ. ನನ್ನ ಕೇಳಿದ್ರೆ ಕಂಬಳಿ ಅನ್ನೋದೇ ಒಳ್ಳೇ ಹೋಲಿಕೆ. ಕಂಬಳಿ ಶಾಖ ಹುಟ್ಟಿಸಲ್ಲ. ನಿಮ್ಮ ಮೈಯ ಶಾಖ ಹೋಗೋದನ್ನ ನಿಧಾನ ಮಾಡುತ್ತೆ, ಅಷ್ಟೇ. ಚಳಿಗಾಲದಲ್ಲಿ ಮೋಡ ಇಲ್ಲದ ರಾತ್ರಿ ಗಡಗಡ ನಡುಗ್ತೀವಿ, ಮೋಡ ಕವಿದ ರಾತ್ರಿ ಅಷ್ಟು ಚಳಿ ಇರಲ್ಲ. ನಮ್ಮ ರೈತರಿಗೆ ಗೊತ್ತಿರೋ ಮಾತೇ ಇದು.

ಫೂರಿಯೆ ಊಹಿಸಿದ. ಆದರೆ ಗಾಳಿಯಲ್ಲಿರೋ ಯಾವ ಅನಿಲ ಈ ಕೆಲಸ ಮಾಡುತ್ತೆ? ಅದನ್ನು ಹುಡುಕುವ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟವಳು ಒಬ್ಬ ಹೆಣ್ಣುಮಗಳು. ಆಕೆಯ ಹೆಸರನ್ನು ಜಗತ್ತು ನೂರೈವತ್ತು ವರ್ಷ ಮರೆತಿತ್ತು.

ಯೂನಿಸ್ ನ್ಯೂಟನ್ ಫೂಟ್. ಅಮೆರಿಕದವಳು. 1848ರಲ್ಲಿ ಸೆನೆಕಾ ಫಾಲ್ಸ್ ಅನ್ನೋ ಊರಲ್ಲಿ ಮಹಿಳೆಯರ ಹಕ್ಕಿಗಾಗಿ ಚಾರಿತ್ರಿಕ ಸಮಾವೇಶ ನಡೀತಲ್ಲ, ಅದರ ಘೋಷಣೆಗೆ ಸಹಿ ಹಾಕಿದವರಲ್ಲಿ ಆಕೆಯೂ ಒಬ್ಬಳು. ಆಕೆಯ ಪ್ರಯೋಗ ಎಷ್ಟು ಸರಳ ಅಂದ್ರೆ ನಮ್ಮ ಹೈಸ್ಕೂಲ್ ಮಕ್ಕಳು ವಿಜ್ಞಾನ ಮೇಳದಲ್ಲಿ ಮಾಡಬಹುದು. ಎರಡೂವರೆ ಅಡಿ ಉದ್ದ, ನಾಲ್ಕಿಂಚು ಅಗಲದ ಎರಡು ಗಾಜಿನ ಕೊಳವೆ. ಒಳಗೆ ಥರ್ಮಾಮೀಟರ್. ಒಂದರಲ್ಲಿ ಸಾಮಾನ್ಯ ಗಾಳಿ, ಇನ್ನೊಂದರಲ್ಲಿ ಇಂಗಾಲದ ಡೈ ಆಕ್ಸೈಡ್. ಎರಡನ್ನೂ ಬಿಸಿಲಿಗಿಟ್ಟಳು. ಸಾಮಾನ್ಯ ಗಾಳಿಯ ಕೊಳವೆ 106 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಇಂಗಾಲದ ಡೈ ಆಕ್ಸೈಡ್ ಇದ್ದದ್ದು 125. ಅಂದ್ರೆ ನಮ್ಮ ಲೆಕ್ಕದಲ್ಲಿ ಒಂದು ಸುಮಾರು 41 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಹತ್ತಿರ ಹತ್ತಿರ 52. ಅಷ್ಟೇ ಅಲ್ಲ, ಬಿಸಿಲಿಂದ ತೆಗೆದ ಮೇಲೂ ಆ ಕೊಳವೆ ತಣ್ಣಗಾಗೋಕೆ ಎಷ್ಟೋ ಪಟ್ಟು ಹೆಚ್ಚು ಹೊತ್ತು ತಗೊಳ್ತು.

ಇಲ್ಲಿಗೆ ಬಿಟ್ಟಿದ್ದರೆ ಅದೊಂದು ಪ್ರಯೋಗ. ಆಕೆ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಹಿಂದೆ ಯಾವತ್ತಾದರೂ ಭೂಮಿಯ ಗಾಳಿಯಲ್ಲಿ ಈ ಅನಿಲ ಹೆಚ್ಚಿದ್ದರೆ ಆಗ ಭೂಮಿಯೂ ಹೆಚ್ಚು ಬಿಸಿಯಾಗಿರಲೇಬೇಕು ಅಂತ ಬರೆದಳು. ವರ್ಷ 1856. ನಮ್ಮಲ್ಲಿ ಸಿಪಾಯಿಗಳು ಬ್ರಿಟಿಷರ ವಿರುದ್ಧ ಎದ್ದು ನಿಲ್ಲೋದಕ್ಕೆ ಇನ್ನೂ ಒಂದು ವರ್ಷ ಬಾಕಿ ಇತ್ತು.

ಆ ವರ್ಷ ಆಗಸ್ಟ್ 23ರಂದು ಆಲ್ಬನಿ ನಗರದಲ್ಲಿ ಅಮೆರಿಕದ ವಿಜ್ಞಾನಿಗಳ ಸಮ್ಮೇಳನ. ಆಕೆಯ ಪ್ರಬಂಧ ಅಲ್ಲಿ ಮಂಡನೆಯಾಯ್ತು. ಓದಿದ್ದು ಆಕೆಯಲ್ಲ, ಸ್ಮಿತ್ಸೋನಿಯನ್ ಸಂಸ್ಥೆಯ ಜೋಸೆಫ್ ಹೆನ್ರಿ. ಪ್ರಬಂಧ ಅಚ್ಚೂ ಆಯ್ತು. ಆಮೇಲೆ ಧೂಳು ತಿಂತಾ ಬಿದ್ದಿತ್ತು. 2011ರಲ್ಲಿ ರೇಮಂಡ್ ಸೊರೆನ್‌ಸನ್ ಅನ್ನೋ ನಿವೃತ್ತ ಭೂವಿಜ್ಞಾನಿ ಅದನ್ನು ಮತ್ತೆ ಬೆಳಕಿಗೆ ತಂದರು. ತಮಾಷೆ ನೋಡಿ, ಅವರು ಪೆಟ್ರೋಲಿಯಂ ಉದ್ಯಮದಲ್ಲೇ ಕೆಲಸ ಮಾಡಿದವರು!

ಫೂಟ್ ಪ್ರಯೋಗದಲ್ಲಿ ಒಂದು ಕೊರತೆ ಇತ್ತು, ಅದನ್ನೂ ಹೇಳಿಬಿಡ್ತೀನಿ. ಬಿಸಿ ಆಗಿದ್ದು ಸೂರ್ಯನ ನೇರ ಬೆಳಕಿಂದಲೋ ಕಾಣದ ಶಾಖದ ಕಿರಣದಿಂದಲೋ ಅಂತ ಬೇರ್ಪಡಿಸೋ ಸಲಕರಣೆ ಆಕೆ ಹತ್ರ ಇರಲಿಲ್ಲ. ಮೂರು ವರ್ಷದ ನಂತರ, 1859ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಆ ಕೆಲಸ ಮಾಡಿದವನು ಐರ್ಲೆಂಡ್ ಮೂಲದ ಜಾನ್ ಟಿಂಡಾಲ್. ಉದ್ದನೆಯ ಹಿತ್ತಾಳೆ ಕೊಳವೆಯಲ್ಲಿ ಒಂದೊಂದೇ ಅನಿಲ ತುಂಬಿ, ಒಂದು ತುದಿಯಿಂದ ಶಾಖದ ಕಿರಣ ಬಿಟ್ಟು, ಇನ್ನೊಂದು ತುದಿಗೆ ಎಷ್ಟು ತಲುಪಿತು ಅಂತ ಅಳೆದ. ಗಾಳಿಯಲ್ಲಿ ಶೇಕಡಾ 78 ಇರೋದು ಸಾರಜನಕ, 21 ಆಮ್ಲಜನಕ. ಇವೆರಡೂ ಶಾಖದ ಕಿರಣವನ್ನು ಹೆಚ್ಚು ಕಡಿಮೆ ಪೂರ್ತಿಯಾಗಿ ದಾಟಲು ಬಿಟ್ಟವು. ಹಿಡಿದು ನಿಲ್ಲಿಸಿದ್ದು ನೀರಾವಿ, ಇಂಗಾಲದ ಡೈ ಆಕ್ಸೈಡ್‌ನಂಥ ಅನಿಲಗಳು.

ಯಾಕೆ ಹೀಗೆ? ಟಿಂಡಾಲ್ ಕಾಲಕ್ಕೆ ಗೊತ್ತಿರದಿದ್ದ ಕಾರಣ ಈಗ ಗೊತ್ತು. ಸಾರಜನಕ, ಆಮ್ಲಜನಕದ ಒಂದೊಂದು ಅಣುವಿನಲ್ಲೂ ಇರೋದು ಒಂದೇ ಥರದ ಎರಡು ಪರಮಾಣು. ಶಾಖದ ಕಿರಣ ಬಂದು ತಟ್ಟಿದರೂ ಅವು ಮಿಸುಕಲ್ಲ. ಇಂಗಾಲದ ಡೈ ಆಕ್ಸೈಡಿನಲ್ಲಿ ಮೂರು ಪರಮಾಣು. ಕಿರಣ ತಾಗಿದ ಕೂಡಲೇ ಬಾಗುತ್ತೆ, ಕಂಪಿಸುತ್ತೆ, ಆ ಶಕ್ತಿ ಹೀರಿಕೊಳ್ಳುತ್ತೆ. ಆಮೇಲೆ ಅದನ್ನು ಸುತ್ತಲಿನ ಗಾಳಿಗೆ ಕೊಡುತ್ತೆ, ಎಲ್ಲ ದಿಕ್ಕಿಗೂ ಬಿಡುತ್ತೆ. ಅದರಲ್ಲಿ ಒಂದು ಪಾಲು ಮತ್ತೆ ನೆಲಕ್ಕೇ ಬರುತ್ತೆ. ಮೀಥೇನ್, ನೈಟ್ರಸ್ ಆಕ್ಸೈಡ್ ಮಾಡೋದೂ ಇದೇ ಕೆಲಸ.

"ಸಾರ್, ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಇರೋದೇ ಹತ್ತು ಸಾವಿರಕ್ಕೆ ನಾಲ್ಕು ಪಾಲು. ಅದರಿಂದ ಏನ್ ಮಹಾ ಆಗುತ್ತೆ?" ಇದು ಎರಡನೇ ಖಾಯಂ ಪ್ರಶ್ನೆ. ಒಂದು ಪಾತ್ರೆ ಹಾಲಿಗೆ ಹಾಕುವ ಹೆಪ್ಪು ಎಷ್ಟು ಸ್ವಾಮಿ? ಇಲ್ಲಿ ಲೆಕ್ಕ ಇರೋದು ಎಷ್ಟಿದೆ ಅನ್ನೋದರಲ್ಲಿ ಅಲ್ಲ, ಕೆಲಸ ಮಾಡೋರು ಯಾರು ಅನ್ನೋದರಲ್ಲಿ. ಉಳಿದ ಶೇಕಡಾ 99 ಈ ಆಟಕ್ಕೇ ಇಳಿಯಲ್ಲ. ಈ ಅನಿಲಗಳು ಇಲ್ಲವೇ ಇಲ್ಲ ಅಂತಾಗಿದ್ರೆ ಭೂಮಿಯ ಸರಾಸರಿ ಉಷ್ಣಾಂಶ ಮೈನಸ್ 18 ಡಿಗ್ರಿ ಆಸುಪಾಸು ಇರ್ತಿತ್ತು. ಈಗಿರೋದು ಸುಮಾರು 15. ಅಂದ್ರೆ ನಾವು ಬದುಕಿರೋದೇ ಈ ಕಂಬಳಿಯ ದಯೆಯಿಂದ. ಕಂಬಳಿ ಶತ್ರು ಅಲ್ಲ. ಬೇಸಿಗೆಯಲ್ಲಿ ಒಂದರ ಮೇಲೊಂದು ಹೊದೀತಾ ಹೋಗೋದು ಅಪಾಯ.

ಹಾಗಾದ್ರೆ ಇನ್ನೊಂದು ಕಂಬಳಿ ಹೊದ್ದರೆ ಎಷ್ಟು ಡಿಗ್ರಿ ಏರುತ್ತೆ? ಈ ಲೆಕ್ಕ ಹಾಕಿದವನು ಸ್ವೀಡನ್ನಿನ ಸ್ವಾಂತೆ ಅರ್ಹೇನಿಯಸ್. 1894ರ ಕ್ರಿಸ್‌ಮಸ್ ಹೊತ್ತಿಗೆ ಕೂತ. ಸಂಸಾರ ಮುರಿದು ಬೀಳುತ್ತಿದ್ದ ಸಮಯ ಅದು. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. ಪೆನ್ನು, ಕಾಗದ ಇಟ್ಟುಕೊಂಡು ತಿಂಗಳುಗಟ್ಟಲೆ ಲೆಕ್ಕ ಹಾಕಿ 1896ರಲ್ಲಿ ಪ್ರಕಟಿಸಿದ: ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಎರಡು ಪಟ್ಟಾದರೆ ಭೂಮಿ 5ರಿಂದ 6 ಡಿಗ್ರಿ ಬಿಸಿಯಾಗುತ್ತೆ. ಇವತ್ತು ಸೂಪರ್ ಕಂಪ್ಯೂಟರ್ ಹಚ್ಚಿ ಲೆಕ್ಕ ಹಾಕಿದ ವಿಜ್ಞಾನಿಗಳು ಹೇಳೋದು 3 ಡಿಗ್ರಿಯ ಹತ್ತಿರ. ಆತನ ಅಂಕಿ ಜಾಸ್ತಿಯಾಗಿತ್ತು, ದಿಕ್ಕು ಮಾತ್ರ ಸರಿಯಾಗೇ ಇತ್ತು.

ಆತ ಇನ್ನೊಂದು ಸೂಕ್ಷ್ಮವನ್ನೂ ಹಿಡಿದಿದ್ದ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತೆ. ಒಂದು ಡಿಗ್ರಿಗೆ ಸುಮಾರು ಶೇಕಡಾ 7ರಷ್ಟು ಜಾಸ್ತಿ. ನೀರಾವಿಯೂ ಹಸಿರುಮನೆ ಅನಿಲವೇ. ಹೀಗಾಗಿ ಬಿಸಿ ಇನ್ನಷ್ಟು ಬಿಸಿಯನ್ನು ಕರೆಯುತ್ತೆ. ಮಳೆ ಬಂದರೆ ಒಂದೇ ಸಲಕ್ಕೆ ಕೊಡ ಬಗ್ಗಿಸಿದ ಹಾಗೆ ಬರುವುದರ ಹಿಂದೆಯೂ ಇದೇ ಲೆಕ್ಕ ಇದೆ.

ಅರ್ಹೇನಿಯಸ್‌ಗೆ ಇದರಿಂದ ಭಯ ಆಯ್ತಾ? ಇಲ್ಲ, ಖುಷಿ ಆಯ್ತು! ಸ್ವೀಡನ್ ಚಳಿ ಗೊತ್ತಲ್ಲ. ಭೂಮಿ ಸ್ವಲ್ಪ ಬೆಚ್ಚಗಾದರೆ ಬೆಳೆ ಚೆನ್ನಾಗಿ ಬರುತ್ತೆ, ಮುಂದಿನ ಪೀಳಿಗೆಗಳು ಸುಖವಾಗಿರ್ತವೆ ಅಂದುಕೊಂಡ. ಅದೂ ಅಲ್ಲದೆ ಆಗಿನ ವೇಗದಲ್ಲಿ ಕಲ್ಲಿದ್ದಲು ಸುಟ್ಟರೆ ಅಷ್ಟು ಅನಿಲ ತುಂಬೋಕೆ ಸಾವಿರಾರು ವರ್ಷ ಬೇಕು ಅನ್ನೋದು ಅವನ ಅಂದಾಜಾಗಿತ್ತು. ಮನುಷ್ಯನ ಆತುರ ಎಷ್ಟು ಅನ್ನೋದು ಮಾತ್ರ ಆ ನೊಬೆಲ್ ವಿಜೇತನ ಲೆಕ್ಕಕ್ಕೆ ಸಿಗಲಿಲ್ಲ.

ನಂತರದ ಹೆಜ್ಜೆ ಇಟ್ಟವರು ಹವಾಮಾನ ತಜ್ಞರಲ್ಲ. ಗೈ ಕ್ಯಾಲೆಂಡರ್ ಅಂತ ಬ್ರಿಟನ್ನಿನ ಒಬ್ಬ ಸ್ಟೀಮ್ ಎಂಜಿನಿಯರ್. ಬಿಡುವಿನ ವೇಳೆಯಲ್ಲಿ ಲೋಕದ 147 ಹವಾಮಾನ ಕೇಂದ್ರಗಳ ದಾಖಲೆ ಜೋಡಿಸಿ, 1938ರಲ್ಲಿ ವಿದ್ವಾಂಸರ ಮುಂದಿಟ್ಟರು: ಹಿಂದಿನ ಐವತ್ತು ವರ್ಷದಲ್ಲಿ ಭೂಮಿ ಸುಮಾರು 0.3 ಡಿಗ್ರಿ ಬಿಸಿಯಾಗಿದೆ, ಅದರಲ್ಲಿ ನಾವು ಸುಡ್ತಿರೋ ಕಲ್ಲಿದ್ದಲಿನ ಪಾಲಿದೆ. ದೊಡ್ಡ ತಜ್ಞರು ನಯವಾಗಿ ತಳ್ಳಿಹಾಕಿದರು. ಸಮುದ್ರ ಎಲ್ಲವನ್ನೂ ಹೀರಿಕೊಳ್ಳುತ್ತೆ ಅನ್ನೋದು ಆ ಕಾಲದ ನಂಬಿಕೆ.

ನಂಬಿಕೆ ಮುರಿಯೋಕೆ ಅಳತೆಯೇ ಬೇಕಿತ್ತು. ಅಳೆದವರು ಚಾರ್ಲ್ಸ್ ಡೇವಿಡ್ ಕೀಲಿಂಗ್. ಪೆಸಿಫಿಕ್ ಸಾಗರದ ನಡುವೆ, ಹವಾಯಿ ದ್ವೀಪದ ಮೌನಾ ಲೋವಾ ಜ್ವಾಲಾಮುಖಿ ಪರ್ವತದ ಮೇಲೆ, ಊರು ಕೇರಿಯ ಹೊಗೆ ಸುಳಿಯದ ಜಾಗದಲ್ಲಿ 1958ರ ಮಾರ್ಚ್‌ನಲ್ಲಿ ಅಳತೆ ಶುರು ಮಾಡಿದರು. ಮೊದಲ ಅಂಕಿ ಹತ್ತು ಲಕ್ಷಕ್ಕೆ 313 ಪಾಲು. ಒಂದು ವಿಚಿತ್ರ ಕಂಡಿತು. ಮೇ ತಿಂಗಳವರೆಗೆ ಏರುತ್ತೆ, ಆಮೇಲೆ ಇಳಿಯುತ್ತೆ, ಮತ್ತೆ ಏರುತ್ತೆ. ಭೂಮಿಯ ಉತ್ತರಾರ್ಧದ ಗಿಡಮರಗಳು ಬೇಸಿಗೆಯಲ್ಲಿ ಚಿಗುರಿ ಇಂಗಾಲ ಹೀರಿಕೊಳ್ಳೋದು, ಎಲೆ ಉದುರಿ ಕೊಳೆತಾಗ ವಾಪಸ್ ಬಿಡೋದು. ಭೂಮಿ ಉಸಿರಾಡೋದನ್ನ ಮೊದಲ ಸಲ ಮನುಷ್ಯ ಅಂಕಿಯಲ್ಲಿ ನೋಡಿದ್ದು ಅಲ್ಲೇ. ಆದರೆ ಪ್ರತಿ ವರ್ಷದ ಉಸಿರೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೇ ನಿಲ್ತಾ ಇತ್ತು. 1964ರಲ್ಲಿ ದುಡ್ಡಿಲ್ಲದೆ ಕೆಲವು ತಿಂಗಳು ಅಳತೆಯೇ ನಿಂತುಹೋಯ್ತು. ಕೀಲಿಂಗ್ ಬಿಡಲಿಲ್ಲ, ಹಠ ಹಿಡಿದು ಮುಂದುವರಿಸಿದರು. 2013ರ ಮೇ ತಿಂಗಳಲ್ಲಿ ಅದು 400 ತಲುಪಿತು. ಈಗ 420ನ್ನೂ ದಾಟಿದೆ. ಕೈಗಾರಿಕಾ ಕ್ರಾಂತಿಗೆ ಮೊದಲು ಇದ್ದದ್ದು 280. ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಬಿದ್ದ ಹಳೇ ಗಾಳಿಗುಳ್ಳೆಗಳನ್ನು ಪರೀಕ್ಷಿಸಿದ್ರೆ, ಹಿಂದಿನ 8 ಲಕ್ಷ ವರ್ಷದಲ್ಲಿ ಅದು 300ರ ಆಸುಪಾಸು ಮೀರಿದ್ದೇ ಇಲ್ಲ.

"ಇದು ಕಲ್ಲಿದ್ದಲು, ಪೆಟ್ರೋಲಿಂದಲೇ ಬಂದಿದ್ದು ಅಂತ ಏನ್ ಗ್ಯಾರಂಟಿ? ಸೂರ್ಯನೇ ಕಾರಣ ಇರಬಹುದಲ್ಲ?" ಒಳ್ಳೇ ಪ್ರಶ್ನೆಗಳು. ಜೀವಂತ ಗಿಡದ ಇಂಗಾಲದಲ್ಲಿ ಕಾರ್ಬನ್ 14 ಅನ್ನೋ ವಿಕಿರಣಶೀಲ ಅಂಶ ಚೂರು ಇರುತ್ತೆ. ಕೋಟಿಗಟ್ಟಲೆ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲಲ್ಲಿ ಅದು ಪೂರ್ತಿ ಕರಗಿಹೋಗಿರುತ್ತೆ. ಗಾಳಿಯಲ್ಲಿ ಈ ಹಳೇ ಇಂಗಾಲ ಬೆರೆಯುತ್ತಿದೆ ಅಂತ ಹಾನ್ಸ್ ಸ್ಯೂಸ್ 1955ರಲ್ಲೇ ತೋರಿಸಿದ್ದರು. ಇನ್ನು ಸೂರ್ಯನೇ ಕಾರಣ ಆಗಿದ್ದರೆ ವಾಯುಮಂಡಲ ಮೇಲೂ ಕೆಳಗೂ ಒಟ್ಟಿಗೆ ಬಿಸಿಯಾಗಬೇಕಿತ್ತು. ಅನಿಲದ ಕಂಬಳಿ ಕಾರಣವಾದರೆ ಕೆಳಗೆ ಬಿಸಿ, ತುಂಬಾ ಮೇಲೆ ತಂಪು. 1967ರಲ್ಲಿ ಸ್ಯುಕುರೋ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳಿದ್ದು ಇದನ್ನೇ. ಆಮೇಲೆ ಅಳೆದು ನೋಡಿದಾಗ ಕಂಡಿದ್ದೂ ಅದೇ. ಮನಾಬೆಗೆ 2021ರಲ್ಲಿ ನೊಬೆಲ್ ಬಂತು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರ ಇದೆ ಅಂದ್ರೆ ನಂಬ್ತೀರಾ? ವೀರಭದ್ರನ್ ರಾಮನಾಥನ್. ತಮಿಳುನಾಡು ಮೂಲ. ಹುಡುಗನಾಗಿದ್ದಾಗ ಬೆಂಗಳೂರಿಗೆ ಬಂದರು. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆಯಲ್ಲಿ ಕೆಲಸ. ಏನು ಕೆಲಸ? ಫ್ರಿಜ್ಜಿನಿಂದ ಗ್ಯಾಸ್ ಲೀಕ್ ಆಗದ ಹಾಗೆ ನೋಡಿಕೊಳ್ಳೋದು. ಆಮೇಲೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದರು. 1975ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ನೋಡಿ ವಿಜ್ಞಾನ ಲೋಕ ಬೆಚ್ಚಿಬಿತ್ತು. ಅದೇ ಫ್ರಿಜ್ ಗ್ಯಾಸ್, ಅಂದ್ರೆ ಸಿಎಫ್‌ಸಿ, ಒಂದೊಂದು ಅಣುವೂ ಇಂಗಾಲದ ಡೈ ಆಕ್ಸೈಡಿನ ಸುಮಾರು 10,000 ಅಣುಗಳಷ್ಟು ಶಾಖ ಹಿಡಿಯುತ್ತೆ! ಓಜೋನ್ ಪದರಕ್ಕೆ ತೂತು ಕೊರೆಯುವ ಅನಿಲವೂ ಅದೇ. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತು, ದೇಶಗಳು ಸೇರಿ ಅದನ್ನು ಹಂತ ಹಂತವಾಗಿ ನಿಲ್ಲಿಸಿದವು. ಜಗತ್ತು ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಾದ್ರೆ ಕಲ್ಲಿದ್ದಲು, ಪೆಟ್ರೋಲ್ ವಿಷಯದಲ್ಲಿ ಯಾಕೆ ಆಗಲಿಲ್ಲ? ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. 1965ರಲ್ಲೇ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಅವರ ವಿಜ್ಞಾನ ಸಲಹಾ ಸಮಿತಿ ಲಿಖಿತ ವರದಿ ಕೊಟ್ಟಿತ್ತು. 1977ರಲ್ಲಿ ತೈಲ ದೈತ್ಯ ಎಕ್ಸಾನ್ ಕಂಪನಿಯ ದೊಡ್ಡ ಅಧಿಕಾರಿಗಳಿಗೆ ಅವರದೇ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಈ ವಿಷಯ ವಿವರಿಸಿದ್ದರು. ಕಂಪನಿಯ ಒಳಗೆ ಹಾಕಿದ ಲೆಕ್ಕಗಳು ಎಷ್ಟು ನಿಖರವಾಗಿದ್ದವು ಅಂತ 2023ರಲ್ಲಿ ವಿಜ್ಞಾನಿಗಳು ತಾಳೆ ನೋಡಿ ಪ್ರಕಟಿಸಿದ್ದಾರೆ. ಹೊರಗೆ ಮಾತ್ರ ಅದೇ ಕಂಪನಿ ವರ್ಷಗಟ್ಟಲೆ ಅನುಮಾನ ಬಿತ್ತುತ್ತಾ ಬಂತು. 1988ರ ಜೂನ್ 23ರಂದು, ವಾಷಿಂಗ್ಟನ್ನಿನಲ್ಲಿ ಸೆಕೆ ಕಿತ್ತು ತಿನ್ನುತ್ತಿದ್ದ ದಿನ, ನಾಸಾ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಸಂಸದರ ಎದುರು ಕೂತು ಶೇಕಡಾ 99 ಖಚಿತ ಅಂದರು. ಟೀವಿ ಕ್ಯಾಮೆರಾಗಳ ಮುಂದೆಯೇ ಹೇಳಿದ ಮಾತು ಅದು.

ಈಗ ನಮ್ಮ ಲೆಕ್ಕ. ಇಲ್ಲಿಯವರೆಗೆ ಗಾಳಿಗೆ ಸೇರಿದ ಇಂಗಾಲದ ಹೊಗೆಯಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಅಮೆರಿಕ ಒಂದರದ್ದೇ. ಭಾರತದ್ದು ನೂರಕ್ಕೆ ಮೂರು ನಾಲ್ಕು ಪಾಲು. ಇದು ಅನ್ಯಾಯ. ಅಂತಾರಾಷ್ಟ್ರೀಯ ವೇದಿಕೆಯಲ್ಲಿ ಭಾರತ ಇದನ್ನು ಗಟ್ಟಿ ದನಿಯಲ್ಲಿ ಹೇಳಬೇಕು, ದುಡ್ಡೂ ತಂತ್ರಜ್ಞಾನವೂ ಕೊಡಿ ಅಂತ ಕೇಳಬೇಕು. ಅದು ಭಿಕ್ಷೆಯಲ್ಲ, ಬಾಕಿ ವಸೂಲಿ. ಆದರೆ ಇವತ್ತಿನ ಲೆಕ್ಕದಲ್ಲಿ ಚೀನಾ, ಅಮೆರಿಕದ ನಂತರ ಹೆಚ್ಚು ಹೊಗೆ ಬಿಡೋ ದೇಶ ನಮ್ಮದೇ. ಬಿಸಿಲಿಗೆ, ಬರಕ್ಕೆ, ನೆರೆಗೆ ಮೊದಲು ಬಲಿಯಾಗೋದೂ ನಮ್ಮ ರೈತ, ನಮ್ಮ ಕೂಲಿಯವನು. ಎಸಿ ರೂಮಲ್ಲಿ ಕೂತು ಸುದ್ದಿ ಓದೋ ನಾನಲ್ಲ. ತಪ್ಪು ಮೊದಲು ಮಾಡಿದವನು ಅವನು ಅಂತ ಕೂತರೆ ಹೊಲ ಒಣಗೋದು ಇಲ್ಲೇ.

ನಮ್ಮಲ್ಲೇ ಎರಡು ದಾರಿ ಇವೆ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡ್ತೀವಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಬರ ಅಂದ್ರೆ ನೆನಪಾಗೋ ಆ ತಾಲೂಕಿನಲ್ಲಿ, ಅದೇ ಉರಿ ಬಿಸಿಲಿಂದ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಿಂತಿದೆ. ಕಲ್ಲಿದ್ದಲನ್ನು ನಾಳೆ ಬೆಳಗ್ಗೆಯೇ ನಿಲ್ಲಿಸಿ ಅಂತ ನಾನು ಹೇಳಲ್ಲ, ಹೇಳಿದರೆ ಅದು ಹುಡುಗಾಟ. ಆದರೆ ಯಾವ ದಾರಿ ಎಷ್ಟು ಬೇಗ ಅಂತ ನಮ್ಮನ್ನು ಆಳುವವರನ್ನು ಕೇಳೋ ಹಕ್ಕು ನಮಗಿದೆ. ಓಟು ಕೇಳೋಕೆ ಬಂದಾಗ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಿ.

ಯಾಕಂದ್ರೆ ಸಮಯ ಇಲ್ಲ. 2024ರಲ್ಲಿ ಭೂಮಿಯ ಸರಾಸರಿ ಉಷ್ಣಾಂಶ ಕೈಗಾರಿಕಾ ಯುಗಕ್ಕೆ ಮೊದಲಿದ್ದದ್ದಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. 2015ರಲ್ಲಿ ಪ್ಯಾರಿಸ್‌ನಲ್ಲಿ ಕೂತು ಮೀರದಿರಲು ಪ್ರಯತ್ನಿಸೋಣ ಅಂದಿದ್ದ ಗಡಿ 1.5. ಆ ಗಡಿ ಹಲವು ವರ್ಷಗಳ ಸರಾಸರಿಗೆ ಸಂಬಂಧಿಸಿದ್ದು, ಒಂದು ವರ್ಷಕ್ಕಲ್ಲ, ನಿಜ. ಆದರೆ ಬಾಗಿಲು ತಟ್ಟಿದ ಸದ್ದು ಕೇಳಿಸಿದೆ. ಇನ್ನೊಂದು ಕಷ್ಟ ಏನಂದ್ರೆ, ಇವತ್ತು ನಾವು ಬಿಟ್ಟ ಇಂಗಾಲದ ಡೈ ಆಕ್ಸೈಡಿನ ಒಂದು ದೊಡ್ಡ ಪಾಲು ನೂರಾರು ವರ್ಷ ಗಾಳಿಯಲ್ಲೇ ಇರುತ್ತೆ. ನಾಳೆ ಒಲೆ ಆರಿಸಿದರೂ ಕಂಬಳಿ ತಕ್ಷಣ ತೆಳ್ಳಗಾಗಲ್ಲ.

ಬಿಸಿಲಿಂದ ತೆಗೆದ ಮೇಲೂ ಆ ಕೊಳವೆ ಬೇಗ ತಣ್ಣಗಾಗಲಿಲ್ಲ ಅಂತ ಯೂನಿಸ್ ಫೂಟ್ 1856ರಲ್ಲೇ ಬರೆದಿಟ್ಟಿದ್ದಳು. ಓದುವವರು ಇರಲಿಲ್ಲ. ಈಗ ಓದಿದ್ದೀರಿ. ಮುಂದಿನ ಸಲ ಯಾರಾದರೂ ಇದು ಇಪ್ಪತ್ತು ವರ್ಷದ ಕಥೆ ಅಂದ್ರೆ, ದಯವಿಟ್ಟು ಆಕೆಯ ಹೆಸರು ಹೇಳಿ.